ಹೊನ್ನೆ ಎಣ್ಣೆಯ ಸಾಬೂನು, ತೆಂಗಿನೆಣ್ಣೆಯ ಗೆರೆ

ನಮ್ಮ ಮಹಿಳಾ ಸಂಘದ ಸಾಬೂನಿನ ಗಟ್ಟಿಯನ್ನು ಮೀನುಬಲೆಯ ನೈಲಾನ್ ದಾರದಿಂದ ಕೊಯ್ಯುತ್ತಿದ್ದೆವು. ಗ್ಲೌಸ್ ಹಾಕಿದರೆ ಹಿಡಿತ ಸಿಗುವುದಿಲ್ಲವೆಂದು ನನ್ನ ಸೊಸೆ ದೇವಿ ಯಾವತ್ತೂ ಬರಿಗೈ. ಅವಳು ಒಂದು ತುಂಡನ್ನು ಕೆಳಗಿಟ್ಟಾಗ ಬೆರಳಿನ ಚರ್ಮ ಅದಕ್ಕೇ ಅಂಟಿ ಉಳಿಯಿತು. ರಕ್ತವಿಲ್ಲ. ಬೆರಳ ಗೆರೆಗಳು ಮಾತ್ರ ಸಾಬೂನಿನ ಮೇಲೆ ಎಣಿಸುವಷ್ಟು ಸ್ಪಷ್ಟ.

ತೆಂಗಿನೆಣ್ಣೆ ತುಟ್ಟಿಯಾದ ವರ್ಷ ಅದು. ಅವರ್ಸಾದ ಸ್ಮಶಾನದ ಬದಿಯ ಹೊನ್ನೆಮರದ ಕಾಯಿಗಳನ್ನು ದೇವಿಯೇ ಹೆಕ್ಕಿ ತಂದು ಎಣ್ಣೆ ತೆಗೆಸಿದ್ದಳು. ಎರಡು ದಿನದಲ್ಲಿ ಸಾಬೂನುಗಳ ಮೇಲೆ ಬಿಳಿ ಬೂದಿ ತಾನಾಗಿ ಮೂಡಿತು. ಒರೆಸಿದರೆ ಮತ್ತೆ ಮೂಡಿತು.

"ಇದು ಒಲೆ ಬೂದಿ ಅಲ್ಲ ಬೊಮ್ಮಕ್ಕ," ಎಂದಳು ಸಂಘದ ಕವಿತಾ, ನನ್ನತ್ತ ತಿರುಗಿ. "ಎಲ್ಲಿದು ಅಂತ ನಿಂಗೂ ಗೊತ್ತದೆ."

ಅಂದಿನಿಂದ ದೇವಿ ಕೊಟ್ಟ ನೀರನ್ನು ಯಾರೂ ಮುಟ್ಟಲಿಲ್ಲ. ಸ್ಮಶಾನದ ಮರದಲ್ಲಿದ್ದದ್ದು ಅವಳ ಕೈಗೆ ಹತ್ತಿದೆ ಎಂದರು. ಅವಳು ಬೊಬ್ರುವಾಡದ ತವರಿಗೆ ಹೋದಳು, ಫೋನ್ ಎತ್ತಲಿಲ್ಲ. ಕಾಸ್ಟಿಕ್ ಸೋಡಾ ಎಂಬ ಕ್ಷಾರ ಅಳೆಯುವ ಡಬ್ಬಕ್ಕೆ ತೆಂಗಿನೆಣ್ಣೆಯ ಲೆಕ್ಕದಲ್ಲಿ ನೇಲ್‌ಪಾಲಿಶಿನಿಂದ ಕೆಂಪು ಗೆರೆ ಎಳೆದವಳು ನಾನು. ಎಣ್ಣೆ ಬದಲಾದರೂ ಗೆರೆ ಬದಲಿಸಲಿಲ್ಲ ಎಂಬುದು ನನಗೆ ಹೊಳೆದಿತ್ತು. ಬಾಯಿ ಬಿಡಲಿಲ್ಲ.

ಮೂರು ತಿಂಗಳ ಮೇಲೆ, ಕಾರವಾರದ ಲ್ಯಾಬಿನಲ್ಲಿ ಕೆಲಸ ಮಾಡುವ ನಮ್ಮೂರ ಪ್ರಗತಿ ಆ ಎಣ್ಣೆ ತರಿಸಿಕೊಂಡು ನನ್ನನ್ನೂ ಕವಿತಾಳನ್ನೂ ಕರೆದಳು. ಎಣ್ಣೆಯನ್ನು ತೂಗಿ, ಕ್ಷಾರದೊಡನೆ ಒಂದು ತಾಸು ಕುದಿಸಿದಳು. ಎಣ್ಣೆ ಹಾಕದ ಇನ್ನೊಂದು ಬಾಟಲಿಯನ್ನೂ ಹಾಗೇ ಕುದಿಸಿದಳು. ಎರಡಕ್ಕೂ ಕ್ಷಾರ ಇರುವತನಕ ನಿಲ್ಲುವ ಗುಲಾಬಿ ಬಣ್ಣ ಬರಿಸಿ, ಆಮ್ಲವನ್ನು ಹನಿಹನಿಯಾಗಿ ಬಿಟ್ಟಳು. ಒಂದು ಹನಿಗೆ ಬಣ್ಣ ಥಟ್ಟನೆ ಮಾಯವಾಯಿತು. ಕವಿತಾ ನನ್ನ ಸೆರಗು ಹಿಡಿದುಕೊಂಡಳು.

ಎರಡು ಬಾಟಲಿಗಳ ವ್ಯತ್ಯಾಸದಿಂದ ಎಣ್ಣೆ ಎಷ್ಟು ಕ್ಷಾರ ಹಿಡಿಯಿತೆಂದು ತಿಳಿಯುತ್ತದೆ. ಅದೇ ಸಾಬೂನೀಕರಣ ಮೌಲ್ಯ. ಒಂದು ಗ್ರಾಂ ತೆಂಗಿನೆಣ್ಣೆಗೆ ಸುಮಾರು ಇನ್ನೂರ ಐವತ್ತೈದು ಮಿಲಿಗ್ರಾಂ ಕ್ಷಾರ. ನಮ್ಮ ಹೊನ್ನೆ ಎಣ್ಣೆಗೆ ಇನ್ನೂರೂ ಇರಲಿಲ್ಲ.

"ತೆಂಗಿನೆಣ್ಣೆ ಉಣ್ಣುವಷ್ಟು ಹೊನ್ನೆ ಉಣ್ಣೂದಿಲ್ಲ ಅಜ್ಜಿ," ಎಂದಳು ಪ್ರಗತಿ. "ಉಳಿದದ್ದು ದೇವಿ ಕೈ ತಿಂತು."

"ಹಾಗಾದ್ರೆ ಬೂದಿ?"

"ಅದೂ ಉಳಿದ ಕ್ಷಾರವೇ ಕವಿತಕ್ಕ. ಗಾಳಿ ತಾಗಿ ಬೆಳ್ಳಗಾದದ್ದು."

ಕವಿತಾ ನನ್ನ ಸೆರಗು ಬಿಟ್ಟಳು. ಆಮೇಲೆ, "ಅವಳ ಕೈ ನೀರು ನಾನೂ ಚೆಲ್ಲಿದೆ," ಎಂದಳು. ಊರಿಗೆ ಬಂದು ಡಬ್ಬದ ಗೆರೆಯನ್ನು ಅವಳೇ ಕೆರೆದು ತೆಗೆದಳು. ಈಗ ತಕ್ಕಡಿಯಿದೆ.

ಸಾಬೂನು ಮಾಡುವ ಅಕ್ಕ-ತಂಗಿಯರೇ, ಎಣ್ಣೆ ಬದಲಾದರೆ ಅದರ ಮೌಲ್ಯ ಅಳೆಸಿ. ಕಾಸ್ಟಿಕ್ ತೂಗಿಯೇ ಹಾಕಿ, ಗ್ಲೌಸ್ ಬಿಡಬೇಡಿ. ಒಬ್ಬಳ ಕೈಯನ್ನು ದೂರುವ ಮೊದಲು ಅಳತೆಯನ್ನು ನೋಡಿ.

ನಾಲ್ಕು ಸಲ ಬರೆದು ಅಕ್ಕಿ ಡಬ್ಬಿಯಡಿ ಇಟ್ಟಿದ್ದ ಕಾಗದ ನನ್ನಲ್ಲಿತ್ತು. "ದೇವಿ, ತಪ್ಪು ನಿನ್ನ ಕೈಯದಲ್ಲ, ನನ್ನ ಗೆರೆಯದು. ಮನೆಗೆ ಬಾ." ಇಂದು ಬೆಳಿಗ್ಗೆ ಅದನ್ನು ಅಂಚೆ ಡಬ್ಬಿಗೆ ಹಾಕಿದೆ.