ಬೇರೆ ಕುದಿಸಿದ ಟುವಾಲು

ಗಂಡ ಫೌಸ್ಟಿನನ ಟುವಾಲನ್ನು ಲಿಡ್ವಿನ್ ಅಂದೂ ಬೇರೆಯಾಗಿಯೇ ಕುದಿಸಿದಳು. ಬಚ್ಚಲಿನ ಹಂಡೆಯಲ್ಲಲ್ಲ, ಹಿತ್ತಲಿನ ಮೂರು ಕಲ್ಲಿನ ಮೇಲೆ, ಹಂದಿಗೆ ಗಂಜಿ ಬೇಯಿಸುವ ಹಳೆಯ ಪಾತ್ರೆಯಲ್ಲಿ. ಅವನು ಬಹರೈನಿನಿಂದ ತಂದ ದಪ್ಪ ನೀಲಿ ಟುವಾಲು. ಕುದಿದು ಕುದಿದು ಬಣ್ಣ ಬಿಟ್ಟಿತ್ತು. ಅದನ್ನು ಕೋಲಿನಿಂದ ಎತ್ತಿ, ಉಳಿದವರ ಬಟ್ಟೆಗಳಿಂದ ದೂರ, ನುಗ್ಗೆಮರದ ಕೊಂಬೆಗೆ ಹಾಕಿದಳು.

ಅತ್ತೆ ಆನಿಬಾಯಿ ಜಗಲಿಯಿಂದ ನೋಡುತ್ತಲೇ ಇದ್ದರು. "ಎಂತ ಬಾಯೆ, ಅವನು ಹೊಲಸು ತುಳಿದು ಬಂದಿದ್ದಾನಾ?"

"ಬೆವರು ವಾಸನೆ, ಮಾಂಯ್," ಎಂದಳು.

ಹಸಿ ಸುಳ್ಳು. ಮದುವೆಯಾದ ಮೇಲೆ ಲಿಡ್ವಿನ್ ಎರಡು ಬಸಿರು ಕಳೆದುಕೊಂಡಿದ್ದಳು, ಮೊದಲನೆಯದು ಐದು ತಿಂಗಳಿಗೆ, ಎರಡನೆಯದು ಏಳಕ್ಕೆ. ದೀಕ್ಷಾಸ್ನಾನ ಆಗದ ಕೂಸೆಂದು ಎರಡನೆಯದನ್ನು ಸ್ಮಶಾನದ ಮೂಲೆಯಲ್ಲಿ, ಗಂಟೆ ಬಾರಿಸದೆ ಹೂತರು. ಈಗ, ಎಂಬತ್ತಾರನೇ ಇಸವಿಯಲ್ಲಿ, ಗಂಡ ರಜೆಯಲ್ಲಿ ಬಂದಾಗ ಮೂರನೆಯದು ನಿಂತಿತ್ತು. ಉಡುಪಿಯ ನರ್ಸಿಂಗ್ ಹೋಮಿನ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಬಾಗಿಲು ಮುಚ್ಚಿ, ದನಿ ತಗ್ಗಿಸಿದರು.

"ಗಂಡ ಗಲ್ಫಿನಲ್ಲಿ ಅಲ್ವಾ? ಇದು ಗಂಡಸರು ಹೊರಗಿಂದ ತರುವ ಕಾಯಿಲೆ. ಮಕ್ಕಳು ಉಳಿಯದ್ದು ಇದಕ್ಕೇ. ಇಬ್ಬರೂ ಪೆನಿಸಿಲಿನ್ ತೆಗೆದುಕೊಳ್ಳಬೇಕು."

ಫೌಸ್ಟಿನನನ್ನು ಕರೆದು ಅವನಿಗೂ ಅದನ್ನೇ ಹೇಳಿದರು. ಆಸಾಮಿ ತುಟಿ ಪಿಟಕ್ಕೆನ್ನಲಿಲ್ಲ. ಮಂಚದ ಮೇಲೆ ಬೋರಲು ಮಲಗಿ ಸೂಜಿ ಹಾಕಿಸಿಕೊಂಡ. ತಪ್ಪಿಲ್ಲದವನಾದರೆ ಒಂದು ಮಾತಾದರೂ ಆಡುತ್ತಿರಲಿಲ್ಲವೇ? ಅಂದಿನಿಂದ ಅವನ ಚಾಪೆ ಬೇರೆ, ಲೋಟ ಬೇರೆ, ಟುವಾಲು ಬೇರೆ.

ಕಾಯಿಲೆಯ ವಿಷಯ ಆನಿಬಾಯಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಸ್ಮಶಾನದ ಆ ಮೂಲೆ ಮಾತ್ರ. "ಮೂರನೆಯದನ್ನೂ ಅಲ್ಲಿಗೆ ಕೊಡಲಿಕ್ಕೆ ನನ್ನಿಂದ ಆಗದು," ಎಂದು ಹಟ ಹಿಡಿದು ಇಬ್ಬರನ್ನೂ ಮಣಿಪಾಲಕ್ಕೆ ಅಟ್ಟಿದರು.

ಮಣಿಪಾಲದ ಡಾಕ್ಟರ್ ಹಯಗ್ರೀವರಾಯರು ಮೊದಲಿನಿಂದ ಎಲ್ಲ ಕೇಳಿ, ರಕ್ತ ತೆಗೆಸಿ, ಮುಂದಿನ ವಾರ ಬರಹೇಳಿದರು. ಹೋದಾಗ ನೇರವಾಗಿ ಅಂದರು: "ನಿಮಗೆ ಆ ಕಾಯಿಲೆ ಇಲ್ಲಮ್ಮ. ಇದ್ದದ್ದೂ ಇಲ್ಲ. ಆ ಪರೀಕ್ಷೆ ಕೆಲವರ ರಕ್ತ ಕಂಡರೆ ಸುಮ್ಮನೆ ಹೌದು ಅನ್ನುತ್ತದೆ. ನಿಮ್ಮದು ಅಂಥ ರಕ್ತ. ಮೈಯನ್ನು ಕಾಯಬೇಕಾದದ್ದೇ ಮೈಗೆ ತಿರುಗಿ ಬಿದ್ದಿದೆ. ಮಾಸಿನಲ್ಲಿ ರಕ್ತ ಹೆಪ್ಪುಗಟ್ಟಿ, ಮಗುವಿಗೆ ಆಹಾರ ಹೋಗುವ ದಾರಿಯೇ ಕಟ್ಟಿಹೋಗುತ್ತದೆ. ಇದೆಲ್ಲ ನಮಗೂ ಈಗೀಗ ಗೊತ್ತಾಗ್ತಾ ಉಂಟು. ಮಾತ್ರೆ ಕೊಡ್ತೇನೆ. ಭರವಸೆ ಕೊಡುವುದಿಲ್ಲ, ಪ್ರಯತ್ನ ಮಾಡುವ."

ಆಮೇಲೆ ಫೌಸ್ಟಿನನ ಕಡೆ ತಿರುಗಿದರು. "ನಿಮಗೆ ಪರೀಕ್ಷೆ ಮಾಡದೆಯೇ ಸೂಜಿ ಕೊಟ್ಟರಾ?"

"ಬಹರೈನಿನಲ್ಲಿ ವೀಸಾ ಹೊಸತು ಮಾಡುವಾಗಲೆಲ್ಲ ರಕ್ತ ನೋಡ್ತಾರೆ ಸರ್. ಬರುವ ಮೊದಲೂ ನೋಡಿದ್ದರು. ಏನೂ ಇರಲಿಲ್ಲ."

ಲಿಡ್ವಿನ್ ಗಂಡನ ಮುಖವನ್ನೇ ನೋಡಿದಳು. ಅವನು ಡಾಕ್ಟರರ ಮೇಜು ನೋಡುತ್ತಿದ್ದ.

ಬಸ್ಸು ಇಂದ್ರಾಳಿ ದಾಟುವವರೆಗೂ ತಡೆದುಕೊಂಡಳು. "ಏನೂ ಇಲ್ಲ ಅಂತ ಗೊತ್ತಿದ್ದೂ ಬಾಯಿ ಮುಚ್ಚಿ ಕೂತದ್ದು ಯಾಕೆ?"

"ನನ್ನದಲ್ಲ ಅಂದಿದ್ದರೆ ಅದು ನಿನ್ನದಾಗ್ತಿತ್ತಲ್ಲ," ಎಂದ ಫೌಸ್ಟಿನ್.

ಲಿಡ್ವಿನ್ ಸೀಟಿನಲ್ಲೇ ಅವನ ಕಡೆ ತಿರುಗಿದಳು. "ನನ್ನ ಬಗ್ಗೆ ಎಂತ ಎಣಿಸಿದ್ರಿ?"

"ಸುಳ್ಳು ಹೇಳುವುದಿಲ್ಲ, ಒಂದು ರಾತ್ರಿ ಎಣಿಸಿದೆ. ಬೆಳಿಗ್ಗೆ ನೋಡಿದರೆ ನೀನು ನನ್ನ ಟುವಾಲು ಕುದಿಸ್ತಾ ಇದ್ದೆ. ತಪ್ಪು ಮಾಡಿದವಳು ಅಷ್ಟು ಸಿಟ್ಟಿನಲ್ಲಿ ಕುದಿಸ್ತಾಳಾ ಅಂತ ಸುಮ್ಮನಾದೆ."

ಲಿಡ್ವಿನ್ ನಕ್ಕಳು, ನಗುತ್ತಲೇ ಅತ್ತಳು. ಕಂಡಕ್ಟರ್ ಟಿಕೆಟ್ ಕೇಳುವುದನ್ನೂ ಬಿಟ್ಟು ಮುಂದೆ ಹೋದ. ಎಂಥ ಗಂಡಸಪ್ಪ ಇವನು! ಸಿಟ್ಟು, ನಾಚಿಕೆ, ಪ್ರೀತಿ ಎಲ್ಲ ಒಟ್ಟಿಗೇ ಬಂತು.

ರಜೆ ಮುಗಿದು ಫೌಸ್ಟಿನ್ ಹೊರಟ. ಟುವಾಲನ್ನು ಅವಳೇ ಇಟ್ಟುಕೊಂಡಳು. ರಕ್ತ ಹೆಪ್ಪುಗಟ್ಟದ ಹಾಗೆ ದಿನವೂ ತಲೆನೋವಿನ ಮಾತ್ರೆಯ ಒಂದು ತುಂಡು, ಜೊತೆಗೆ ಸ್ಟಿರಾಯ್ಡ್ ಮಾತ್ರೆ. "ತಲೆನೋವಿನ ಮಾತ್ರೆಗೆ ಮಗು ಉಳಿಯುತ್ತದಂತೆ!" ಎಂದು ಆನಿಬಾಯಿ ಮೂಗು ಮುರಿದರೂ, ಮರೆತರೆ ಬೈದು ನುಂಗಿಸುವವರು ಅವರೇ. ಔಷಧಿಗೆ ಸೊಸೆಯ ಕೆನ್ನೆ ಊದಿದರೆ ತಮ್ಮ ಮೀನುಸಾರಿನ ಗುಣವೆಂದು ಹಿಗ್ಗಿದರು. ಐದು ಕಳೆಯಿತು. ಏಳೂ ಕಳೆಯಿತು. ಆದರೂ ಮಗುವಿಗೆಂದು ಮನೆಯಲ್ಲಿ ಒಂದು ಅಂಗಿ ಹೊಲಿಯಲಿಲ್ಲ, ಒಂದು ಬಟ್ಟೆ ಹರಿದಿಡಲಿಲ್ಲ. ಎರಡು ಸಲ ಹೊಲಿದಿಟ್ಟು ಸಾಕಾಗಿತ್ತು.

ಎಂಟರಲ್ಲಿ ರಕ್ತದೊತ್ತಡ ಏರಿ, ಮಣಿಪಾಲದಲ್ಲೇ ಹೊಟ್ಟೆ ಕೊಯ್ದು ಮಗು ತೆಗೆದರು. ಹೆಣ್ಣು. ಅಂಗೈ ಅಗಲದ ಕೂಸು ಗಾಜಿನ ಪೆಟ್ಟಿಗೆಯೊಳಗೆ ಉಸಿರಾಡುತ್ತಿತ್ತು. ಪೆಟ್ಟಿಗೆಯಿಂದ ಅದು ಹೊರಬಂದ ದಿನ ನರ್ಸ್ ವಾರ್ಡಿಗೆ ಎತ್ತಿಕೊಂಡು ಬಂದಳು.

"ಇದು ಆಸ್ಪತ್ರೆಯ ಬಟ್ಟೆ, ವಾಪಸ್ ಬೇಕು. ನಿಮ್ಮದು ಮೆತ್ತಗಿನದು ಎಂತಾದರೂ ಉಂಟಾ?"

ಲಿಡ್ವಿನ್ ದಿಂಬಿನಡಿಯಿಂದ ಆ ಟುವಾಲು ಎಳೆದು ಕೊಟ್ಟಳು. ನೀಲಿ ಅಳಿದು ಬೂದಿಬಣ್ಣಕ್ಕೆ ಬಂದಿತ್ತು.

ನರ್ಸ್ ತಿರುಗಿಸಿ ನೋಡಿದಳು. "ಶುದ್ಧ ಉಂಟಾ?"

"ಇದಕ್ಕಿಂತ ಶುದ್ಧದ್ದು ಈ ಜಿಲ್ಲೆಯಲ್ಲೇ ಇಲ್ಲ ಮಾರಾಯ್ತಿ," ಎಂದರು ಆನಿಬಾಯಿ.

ನರ್ಸ್ ಮಗುವನ್ನು ಸುತ್ತಿ ಲಿಡ್ವಿನಳ ಪಕ್ಕ ಮಲಗಿಸಿ ಹೋದಳು. ಟುವಾಲಿನ ಅಂಚಿನಿಂದ ಒಂದು ಪುಟ್ಟ ಪಾದ ಹೊರಬಂತು. ಲಿಡ್ವಿನ್ ಅದನ್ನು ಒಳಗೆ ಸೇರಿಸಿದಳು. ಅದು ಮತ್ತೆ ಒದ್ದು ಹೊರಬಂತು.