ಹೊಸತೊಡಕಿನ ಮಣೆ

ಯಲ್ಲಯ್ಯ ತಮ್ಮ ಮನೆಯ ಊಟವನ್ನು ಒಂದು ದಿನವೂ ಹೊಗಳಿದವರಲ್ಲ. ನೆಂಟರ ಮನೆಗೆ ಹೋದರೆ ಮಾತ್ರ, ಸಾರಿಗೆ ಉಪ್ಪೇ ಬಿದ್ದಿರದಿದ್ದರೂ, ಏಳುವ ಮುಂಚೆ ‘ಚೆನ್ನಾಗಿತ್ತು ಕಣವ್ವ, ಬರ್ತೀವಿ’ ಎಂದು ಹೇಳಿಯೇ ಹೊರಡುತ್ತಿದ್ದರು. ಮನೆಯವರನ್ನು ಯಾರಾದರೂ ಹೊಗಳುತ್ತಾರೆಯೇ, ಅವರೇನು ಹೊರಗಿನವರೇ ಎಂಬುದು ಅವರ ವಾದ. ಹೆಂಡತಿ ಕದರಮ್ಮ ಈ ವಿಷಯಕ್ಕೆ ವರ್ಷಗಟ್ಟಲೆ ಜಗಳವಾಡಿ ಸುಸ್ತಾಗಿ ಕೈಬಿಟ್ಟಿದ್ದರು. ಸೊಸೆ ಕೋಮಲಾಗೆ ಬಂದ ಹೊಸದರಲ್ಲಿ ಇದೆಲ್ಲ ಎಲ್ಲಿ ಗೊತ್ತು? ತನ್ನ ಅಡುಗೆ ಮಾವನಿಗೆ ಸೇರುತ್ತಿಲ್ಲವೆಂದು ಬಚ್ಚಲಲ್ಲಿ ನಿಂತು ಅತ್ತಿದ್ದಳು. ಗಂಡ ಸಿದ್ದಾರ್ಥ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ‘ನಮ್ಮಪ್ಪ ನಿನ್ನ ಹೊಗಳಿದ್ ದಿನ ಭಯಪಡು ಕಣೇ’ ಎಂದಿದ್ದ.

ಸಿದ್ದಾರ್ಥ ದೇವರಾಯನದುರ್ಗದ ತಪ್ಪಲಿನ ಒಂದು ರೆಸಾರ್ಟಿನಲ್ಲಿ ಅಡುಗೆಯವನಾಗಿದ್ದ. ಅಲ್ಲಿ ಹೊಸ ವರ್ಷದ ಪಾರ್ಟಿಗೆ ಉದ್ದನೆಯ ಹಲಗೆಯೊಂದರ ಮೇಲೆ ನಾಲ್ಕಾರು ಬಗೆಯ ಚೀಸು, ತೆಳ್ಳಗೆ ಕತ್ತರಿಸಿದ ಮಾಂಸ, ದ್ರಾಕ್ಷಿ, ಬಿಸ್ಕತ್ತು ಜೋಡಿಸಿ ನಡುವೆ ಇಡುತ್ತಿದ್ದರು. ಬಂದವರು ಸುತ್ತ ನಿಂತು ಕೈಯಲ್ಲೇ ಎತ್ತಿಕೊಂಡು ತಿನ್ನುವುದು. ಮದುವೆಯಾದ ವರ್ಷ ಯುಗಾದಿಯ ಮಾರನೇ ದಿನ, ಊರೆಲ್ಲ ಬಾಡೂಟ ಮಾಡುವ ಹೊಸತೊಡಕಿಗೆ, ಮರಳೂರಿನ ತಮ್ಮ ಮನೆಯಲ್ಲೂ ಅದನ್ನು ಮಾಡಲು ಹೊರಟ. ಹಲಗೆ ಸಿಗದೆ ಅವ್ವನ ಹಲಸಿನ ಮಣೆಯನ್ನೇ ತಿಕ್ಕಿ ತೊಳೆದ.

‘ಕುಂತ್ಕೊಳೋ ಮಣೆ ಮ್ಯಾಲೆ ಬಾಡಿಡ್ತೀಯೇನ್ಲಾ, ಮಾನಗೆಟ್ಟೋನೆ!’ ಎಂದು ಕದರಮ್ಮ ಕೂಗಾಡಿದ್ದರು.

ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಬಿಸ್ಕತ್ತಿನ ಬದಲು ಗರಿಗರಿಯಾಗಿ ಒಣಗಿಸಿದ ರಾಗಿರೊಟ್ಟಿ ಇಟ್ಟ. ತಣ್ಣನೆಯ ಮಾಂಸ ನಮ್ಮವರ ಬಾಯಿಗೆ ಹತ್ತುವುದಿಲ್ಲವೆಂದು ಕುರಿಯ ಈಲಿಯನ್ನು, ಅಂದರೆ ಅವನ ಹೋಟೆಲ್ ಭಾಷೆಯ ಲಿವರನ್ನು, ಮೆಣಸು ಹಾಕಿ ಹುರಿದು ಹೆಚ್ಚಿಟ್ಟ. ಸಂಜೆ ತಾರಸಿಯ ಮೇಲೆ ಬೀದಿಯವರೆಲ್ಲ ಅದರ ಸುತ್ತ ಮುಗಿಬಿದ್ದರು. ಆಮೇಲೆ ಪ್ರತಿವರ್ಷ ಯುಗಾದಿಗೆ ವಾರವಿರುವಾಗಲೇ ‘ಈ ಸಲ ಮಣೆ ಐತಲ್ವಾ?’ ಎಂದು ಕೇಳುವವರಾದರು.

ಬೀದಿಯ ಇನ್ನೊಂದು ವ್ಯವಹಾರ ಯಲ್ಲಯ್ಯನವರದು. ಹೊಸತೊಡಕಿಗೆ ಬೀದಿಯ ಮನೆಗಳವರೆಲ್ಲ ಸೇರಿ ಕುಣಿಗಲ್ ಕಡೆಯಿಂದ ಕುರಿ ತರಿಸುತ್ತಿದ್ದರು. ಟಾರ್ಪಾಲಿನ ಮೇಲೆ ಮುತ್ತುಗದೆಲೆ ಹಾಸಿ, ಬಾಡನ್ನು ಗುಡ್ಡೆ ಗುಡ್ಡೆಯಾಗಿ ಪಾಲು ಮಾಡುವ ಕೆಲಸ ಯಲ್ಲಯ್ಯನವರಿಗೇ ಮೀಸಲು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದಾಗಲೂ ರಜೆ ಹಾಕಿ ಬಂದು ಗುಡ್ಡೆ ಹಾಕಿದವರು. ಒಂದು ಒಲೆಗೆ ಒಂದು ಗುಡ್ಡೆ, ಅದು ಲೆಕ್ಕ. ಮೂಲೆಮನೆ ಗಂಗಾಧರನೂ ಅವನ ತಮ್ಮನೂ ಬೇರೆಯಾದದ್ದು ಬೀದಿಗೆ ತಿಳಿದದ್ದೇ ಟಾರ್ಪಾಲಿನ ಮೇಲೆ ಅವರಿಗೆ ಎರಡು ಗುಡ್ಡೆ ಬಿದ್ದಾಗ. ಒಮ್ಮೆ ಹಾಕಿದ ಗುಡ್ಡೆಯನ್ನು ಕೂಡಿಸುವ ಮಾತೇ ಇಲ್ಲ, ಕೂಡಿಸಿದರೆ ಜಗಳ ಖಂಡಿತ. ಇನ್ನು ಎಲ್ಲರ ಕಣ್ಣೂ ಈಲಿಯ ಮೇಲೆ. ಅದನ್ನು ಯಲ್ಲಯ್ಯ ಬೆರಳಲ್ಲಿ ಅಳೆದು ಅಳೆದು ಸಮ ಮಾಡುತ್ತಿದ್ದರು. ಮಣೆಗೆ ಇನ್ನೊಂದು ಚೂರು ಕೊಡಪ್ಪಾ ಎಂದು ಸಿದ್ದಾರ್ಥ ಎಷ್ಟೇ ಅಂಗಲಾಚಿದರೂ ಜಗ್ಗಿದವರಲ್ಲ.

ಎರಡು ವರ್ಷದ ಹಿಂದೆ, ಮಳೆಗಾಲದಲ್ಲಿ, ಕುಣಿಗಲ್ ರಸ್ತೆಯಲ್ಲಿ ಸಿದ್ದಾರ್ಥನ ಬೈಕಿಗೆ ಲಾರಿ ಬಡಿಯಿತು. ಅವನು ಉಳಿಯಲಿಲ್ಲ. ಮುಂದಿನ ಯುಗಾದಿಗೆ ಆ ಮನೆಯಲ್ಲಿ ಹಬ್ಬವಿರಲಿಲ್ಲ. ಈ ವರ್ಷ ಕದರಮ್ಮನೇ ಅಟ್ಟದತ್ತ ಕೈ ತೋರಿಸಿ, ‘ಆ ಮಣೆ ಇಳ್ಸವ್ವ, ಅವನ ಹೆಸ್ರಲ್ಲಿ ನಾಕ್ ಜನ ತಿನ್ಲಿ’ ಎಂದರು.

ಹೊಸತೊಡಕಿನ ಬೆಳಿಗ್ಗೆ ಕೋಮಲಾ ಅಡುಗೆಮನೆಯಲ್ಲಿ ಮಣೆ ಒರೆಸುತ್ತಾ ಕೂತಿದ್ದಳು. ಚೀಸಿನ ಪ್ಯಾಕೆಟ್ಟುಗಳು ಬಂದಿದ್ದವು, ದ್ರಾಕ್ಷಿ ತೊಳೆದಾಗಿತ್ತು, ರೊಟ್ಟಿ ಒಣಗಿತ್ತು. ಈಲಿಗಾಗಿ ಗುಡ್ಡೆ ಬರುವುದೊಂದೇ ಬಾಕಿ. ಆದರೆ ಅವಳ ಮನಸ್ಸಿದ್ದದ್ದು ಅದರಲ್ಲಲ್ಲ. ಸಂಜೆಯ ಪಾರ್ಟಿಗೆ ಜಯಪ್ರಕಾಶ್ ಬರುವವನಿದ್ದ.

ಗುಬ್ಬಿಯ ಜಯಪ್ರಕಾಶ್, ವಸಂತನರಸಾಪುರದಲ್ಲಿ ಅವಳು ಕೆಲಸ ಮಾಡುವ ಫ್ಯಾಕ್ಟರಿಯಲ್ಲೇ ಸ್ಟೋರ್ ನೋಡಿಕೊಳ್ಳುವವನು. ಮದುವೆಯಾಗೋಣವೇ ಎಂದು ಅವನು ಕೇಳಿ ಕೆಲವು ತಿಂಗಳಾಗಿತ್ತು. ಅತ್ತೆ ಮಾವ ನಮ್ಮ ಜೊತೆಗೇ ಇರಬೇಕು ಎಂದು ಅವಳು ಷರತ್ತು ಹಾಕಿದ್ದಳು, ಅವನು ಖುಷಿಯಿಂದಲೇ ಒಪ್ಪಿದ್ದ. ಕೋಮಲಾ ಸಿದ್ದಾರ್ಥನನ್ನು ಮರೆತಿರಲಿಲ್ಲ. ಫ್ಯಾಕ್ಟರಿಯಿಂದ ಬಂದು ಇವತ್ತು ಹೀಗಾಯಿತು ಎಂದು ಹೇಳಿಕೊಳ್ಳಲು ಒಬ್ಬರು ಬೇಕೆನಿಸಿತ್ತು, ಅಷ್ಟೇ, ಅದರಲ್ಲಿ ತಪ್ಪೇನಿದೆ? ಅದನ್ನು ಹಿರಿಯರಿಗೆ ಹೇಳಲು ಮಾತ್ರ ಬಾಯಿ ಬಂದಿರಲಿಲ್ಲ. ಇಂದು ನಾಳೆ ಎಂದು ನುಂಗುತ್ತಲೇ ಬಂದಳು. ಇವತ್ತು ಅವನು ಬರಲಿ, ಮಣೆಯಿಂದ ಎತ್ತಿಕೊಂಡು ತಿನ್ನಲಿ, ಮಾವ ನೋಡಲಿ, ಎಲ್ಲರೂ ಹೋದ ಮೇಲೆ ಹೇಳಿಬಿಡುತ್ತೇನೆ ಎಂದು ಗಟ್ಟಿ ಮಾಡಿಕೊಂಡಿದ್ದಳು.

ಯಲ್ಲಯ್ಯ ಒಳಗೆ ಬಂದರು. ಕೈಯಲ್ಲಿ ಮುತ್ತುಗದೆಲೆಯ ಎರಡು ಪೊಟ್ಟಣ.

ಒಂದನ್ನು ಕದರಮ್ಮನ ಮುಂದಿಟ್ಟು, ‘ಇದು ನಮ್ದು’ ಎಂದರು. ಇನ್ನೊಂದನ್ನು ಕೋಮಲಾಳ ಮುಂದಿಟ್ಟರು. ‘ಇದು ನಿಂದು ಕಣವ್ವ.’

ಕೋಮಲಾ ಚೀಸು ಕತ್ತರಿಸುತ್ತಲೇ ನಕ್ಕಳು. ‘ನಂದೇನ್ ಬೇರೆ ಮಾವ? ಯಾರ್ದೋ ತಂದ್ಬಿಟ್ಟಿದೀರ ನೋಡಿ.’

‘ಹೋದ್ ವಾರ ಆ ಹುಡ್ಗ ಡಿಪೋ ಹತ್ರ ಟೀ ಅಂಗ್ಡೀಗ್ ಬಂದಿದ್ದ. ಜಯಪ್ರಕಾಶ. ನಾನು ಕೂತ್ಕೊಳಪ್ಪ ಅಂದ್ರೂ ನಿಂತ್ಕೊಂಡೇ ಮಾತಾಡ್ದ. ಒಳ್ಳೇವ್ನು.’

ಅವಳ ಕೈಯಲ್ಲಿದ್ದ ಚಾಕು ಚೀಸಿನಲ್ಲೇ ನಿಂತುಹೋಯಿತು. ‘ಮಾವ, ನಾನೇ ಹೇಳ್ಬೇಕು ಅಂತಿದ್ದೆ. ಇವತ್ತೇ ಹೇಳೋಳಿದ್ದೆ.’

‘ಯಾರ್ ಹೇಳಿದ್ರೇನು, ಬುಡು.’

‘ನೀವಿಬ್ರೂ ಬರ್ಬೇಕು. ಗುಬ್ಬೀಲಿ ಅವ್ರ ಮನೆ ಕೆಳಗಡೆ ಖಾಲಿ ಐತೆ. ಅಡುಗೆ ಒಂದೇ ಕಡೆ. ಒಂದೇ ಒಲೆ ಮಾವ.’

‘ಅವ್ನೂ ಅದನ್ನೇ ಅಂದ. ನಾವ್ ಬಂದು ಅಲ್ಲಿ ಕುಂತ್ರೆ ದಿನಾ ಅವನ ಎದ್ರಿಗೆ ಸಿದ್ದನ್ನ ಕೂರಿಸ್ದಂಗಾಗ್ತದೆ. ಅವ್ನೇನೋ ತಡ್ಕೊಂತಾನೆ. ನಾನ್ ತಡ್ಕೊಳ್ಳಕಾಗಲ್ಲ.’

‘ಮಾವ...’

‘ಗುಡ್ಡೆ ಹಾಕಾಯ್ತು ಕಣವ್ವ. ಬೀದಿಯೋರೆಲ್ಲ ನೋಡವ್ರೆ.’

ಅವರು ಹಿತ್ತಲ ನಲ್ಲಿಗೆ ಹೋದರು. ನೀರಿನ ಸದ್ದು ಬಹಳ ಹೊತ್ತು ಕೇಳಿತು. ಕೋಮಲಾಗೆ ಮೊದಲು ಜಯಪ್ರಕಾಶನ ಮೇಲೆ ಸಿಟ್ಟು ಬಂತು, ಯಾರು ಹೇಳಿದ್ದರು ಇವನಿಗೆ ಹೋಗಿ ಮಾತಾಡೆಂದು? ಆಮೇಲೆ ಸಿಟ್ಟೆಲ್ಲ ತನ್ನ ಕಡೆಗೇ ತಿರುಗಿತು. ತಾನೇ ಮೊದಲು ಹೇಳಿದ್ದರೆ, ಮನೆಯ ಮಗಳ ಹಾಗೆ ಕಾಲ ಬಳಿ ಕೂತು ಹಟ ಮಾಡಿದ್ದರೆ, ಬರುತ್ತಿದ್ದರೇನೋ. ಹೊರಗಿನವನೊಬ್ಬ ಟೀ ಅಂಗಡಿಯಲ್ಲಿ ನಿಂತು ಹೇಳಿದ ಮೇಲೆ ಅವಳೂ ಅರ್ಧ ಹೊರಗಿನವಳಾಗಿಬಿಟ್ಟಿದ್ದಳು.

ಕದರಮ್ಮ ತಮ್ಮ ಪೊಟ್ಟಣ ಬಿಚ್ಚಿದರು. ತೊಡೆ ಇತ್ತು, ಪಕ್ಕೆಲುಬು ಇತ್ತು, ಒಂದಿಷ್ಟು ಕೊಬ್ಬಿತ್ತು. ಮೇಲೆ ಕೆಳಗೆ ಮಾಡಿ ಹುಡುಕಿದರು. ಈಲಿ ಇರಲಿಲ್ಲ. ಕೋಮಲಾಳ ಪೊಟ್ಟಣ ಬಿಚ್ಚಿ ನೋಡಿದರೆ ಎರಡು ಗುಡ್ಡೆಯ ಈಲಿಯೂ ಅದರಲ್ಲೇ ಇತ್ತು.

‘ನಾನು ಬಸ್ರಿ ಆಗಿದ್ದಾಗ ಒಂದ್ ಚೂರು ಜಾಸ್ತಿ ಹಾಕು ಅಂತ ಬೇಡ್ಕೊಂಡಿದ್ದೆ. ಹಾಕಿರ್ಲಿಲ್ಲ ಮುದುಕ,’ ಎಂದು ಕದರಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಕೋಮಲಾ ಅವರ ಹೆಗಲ ಮೇಲೆ ತಲೆಯಿಟ್ಟು ತಾನೂ ಅತ್ತಳು. ಆಮೇಲೆ ಎದ್ದು ಬಾಣಲೆ ಇಟ್ಟು, ಸಿದ್ದಾರ್ಥ ಮಾಡುತ್ತಿದ್ದ ಹಾಗೆಯೇ ಮೆಣಸು ಕುಟ್ಟಿ ಹಾಕಿ ಈಲಿ ಹುರಿದಳು.

ಸಂಜೆ ತಾರಸಿಯ ಮೇಲೆ ಮಣೆ ಬಂತು. ಒಂದು ಬದಿಗೆ ಚೀಸು, ಇನ್ನೊಂದು ಬದಿಗೆ ಈಲಿ, ನಡುವೆ ದ್ರಾಕ್ಷಿ, ಸುತ್ತ ರೊಟ್ಟಿ. ಗಂಗಾಧರ ಬಂದ, ಅವನ ತಮ್ಮನೂ ಬಂದ, ಇಬ್ಬರೂ ಮಣೆಯ ಎದುರು ಬದುರು ನಿಂತರು. ಯಾರೋ ಸಿದ್ದಾರ್ಥನ ಹೆಸರು ಹೇಳಿ ಮೊದಲ ಚೂರು ಎತ್ತಿಕೊಂಡರು, ಎಲ್ಲರೂ ತಿನ್ನತೊಡಗಿದರು. ಜಯಪ್ರಕಾಶ್ ಒಂದು ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ. ಯಲ್ಲಯ್ಯನೇ ಹೋಗಿ ಅವನ ರಟ್ಟೆ ಹಿಡಿದು ಮಣೆಯ ಹತ್ತಿರ ತಂದು ನಿಲ್ಲಿಸಿದರು. ತಾವು ಮಾತ್ರ ಏನನ್ನೂ ಮುಟ್ಟಲಿಲ್ಲ.

ಕೋಮಲಾ ಒಂದು ರೊಟ್ಟಿಚೂರಿನ ಮೇಲೆ ಚೀಸಿಟ್ಟು, ಅದರ ಮೇಲೆ ಈಲಿಯ ದೊಡ್ಡ ತುಂಡಿಟ್ಟು ಮಾವನ ಕೈಗೆ ಕೊಟ್ಟಳು. ಇಷ್ಟೊಂದು ಉಪ್ಪಾ, ಮೆಣಸು ಕಮ್ಮಿ ಎಂದು ಒಂದು ಸಲ ಬೈಯಲಿ, ಅಷ್ಟು ಸಾಕು ಎಂದು ಅವರ ಮುಖವನ್ನೇ ನೋಡುತ್ತಾ ನಿಂತಳು. ಅವರು ನಿಧಾನವಾಗಿ ಅಗಿದು ತಿಂದರು. ಹೆಗಲ ಮೇಲಿನ ಟವಲಿನಲ್ಲಿ ಬಾಯಿ ಒರೆಸಿಕೊಂಡರು. ಕದರಮ್ಮನಿಗೆ ಏಳು ಎಂದು ಸನ್ನೆ ಮಾಡಿದರು.

‘ಚೆನ್ನಾಗಿತ್ತು ಕಣವ್ವ,’ ಎಂದರು. ‘ಬರ್ತೀವಿ.’

ಇಬ್ಬರೂ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಕೆಳಗಿನ ತಮ್ಮದೇ ಮನೆಗೆ ಹೋದರು. ಕೋಮಲಾಳ ಹಾಸಿಗೆ, ಬಟ್ಟೆ ಎಲ್ಲ ಇನ್ನೂ ಅಲ್ಲೇ ಇದ್ದವು.