ಲೀಟರಿಗೊಂದು ಪಾಕೀಟು

ದಿಗ್ಗೇವಾಡಿಯ ಶಿವಗಂಗವ್ವನಿಗೆ ಯಾರೂ ಯಾವುದನ್ನೂ ಎರಡು ಸಲ ಹೇಳಬೇಕಿರಲಿಲ್ಲ. ಮೊದಲ ಸಲ ಹೇಳಿದ್ದನ್ನೇ ಆಕೆ ಸುಧಾರಿಸಿಬಿಡುತ್ತಿದ್ದಳು. ಎಂಬತ್ತಾರನೆಯ ಇಸವಿಯ ಆ ಬೆಳಿಗ್ಗೆ, ಎರಡು ವರ್ಷದ ಮೊಮ್ಮಗಳು ಮಂಗಲಳನ್ನು ತೊಡೆಯ ಮೇಲಿಟ್ಟುಕೊಂಡು ರಾಯಬಾಗದ ಧನಪಾಲ ಡಾಕ್ಟರ ಮುಂದೆ ಕೂತಾಗ ಮಾತ್ರ ಆಕೆಯ ದನಿ ಇಳಿದಿತ್ತು.

"ನಿನ್ನಿ ನೀವು ಕೊಟ್ಟ ಉಪ್ಪಿನ ಪುಡಿ ಕುಡಿಸಿದ ಮ್ಯಾಲ ಜುಲಾಬ ಹೆಚ್ಚಾಗೈತ್ರಿ. ಪುಡಿನ ಸುಮಾರ ಇರಬೇಕು."

ಡಾಕ್ಟರು ಕೂಸಿನ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರು. ಮಡಿಕೆ ಅವಸರವಿಲ್ಲದೆ ಇಳಿಯಿತು. ಕಣ್ಣು ಒಳಗೆ ಹೋಗಿದ್ದವು.

"ಉಚ್ಚಿ ಯಾವಾಗ ಹೊಯ್ದಾಳ?"

"ನಿನ್ನಿ ಸಂಜಿಮುಂದ."

"ಪುಡಿ ಹೆಂಗ ಕಲಿಸಿದ್ರಿ, ಆಯಿ?"

"ನೀವು ಹೇಳಿದಂಗ. ಅಳದು, ಒಂದ ಲೀಟರಿಗೆ ಒಂದ ಪಾಕೀಟ."

"ಯಾತರ ಲೀಟರಿಗೆ?"

"ಕಬ್ಬಿನ ಹಾಲಿಗೆ. ನಮ್ಮದ ಗಾಣ ಐತೆಲ್ಲ. ಬರೇ ನೀರು ಯಾರ ಮನ್ಯಾಗರ ಸಿಗತೈತಿ."

ಕಂಪೌಂಡರ್ ಗುರಪ್ಪ ಔಷಧದ ಕಪಾಟಿನೊಳಗೆ ಮುಖವಿಟ್ಟು ಕೆಮ್ಮಿದ. ಡಾಕ್ಟರು ನಗಲಿಲ್ಲ.

"ಅಷ್ಟು ಸಿಹಿ ಹೊಟ್ಟಿಗೆ ಹೋದ್ರ ಅದು ಮೈಯಾನ ನೀರೆಲ್ಲಾ ಕರುಳಿಗೆ ಜಗ್ಗತೈತ್ರಿ. ಈಗ ಕಾಸಿ ಆರಿಸಿದ ನೀರಾಗ ಕಲಿಸಿ ಕೊಡತೀವಿ. ಚಮಚೆಲೆ, ಸಾವಕಾಶ. ಮಧ್ಯಾಹ್ನದೊಳಗ ಉಚ್ಚಿ ಹೊಯ್ಲಿಲ್ಲಂದ್ರ ನರಕ್ಕ ಸೂಜಿ ಹಾಕಿ ಸಲಾಯಿನ್ ಹಚ್ಚಬೇಕಾಕ್ಕೈತಿ."

ಶಿವಗಂಗವ್ವ ಕೂಸಿನ ಮಣಿಕಟ್ಟು ನೋಡಿದಳು. ಅಲ್ಲಿ ಸೂಜಿಗೆ ಜಾಗವಾದರೂ ಎಲ್ಲಿತ್ತು?

ಆದರೆ ಸಿಹಿ ಹತ್ತಿದ ನಾಲಿಗೆ ಉಪ್ಪನ್ನು ಒಲ್ಲೆನೆಂದಿತು. ಮೊದಲ ಚಮಚ ಸೀರೆಯ ಮೇಲೆ, ಎರಡನೆಯದು ಗುರಪ್ಪನ ಅಂಗಿಯ ಮೇಲೆ ಬಿತ್ತು. ಮುದ್ದು ಮಾಡಿದಳು, ಗದರಿದಳು; ಹಲ್ಲು ಬಿಗಿದೇ ಇದ್ದವು. ಒಂಬತ್ತು ಹೋಗಿ ಹತ್ತಾಯಿತು. ಕೊನೆಗೆ ಆಕೆ ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಏರಿಸಿ, ಮೂಗಿನಿಂದಲೇ ರಾಗ ತೆಗೆದಳು:

"ಆಯೀಂ... ಉಚ್ಚೀ ಯಾವಾಂಗ ಹೊಯ್ದಾಂಳ..."

ಥೇಟ್ ಧನಪಾಲ ಡಾಕ್ಟರು. ಮಂಗಲ ಬಾಯಿ ತೆರೆದು ನಕ್ಕಳು. ಚಮಚ ಒಳಗೆ ಹೋಯಿತು.

ಹತ್ತಾರು ಚಮಚ ಹಾಗೇ ಇಳಿದ ಮೇಲೆ ಬಾಗಿಲಲ್ಲಿ ನೆರಳು ಕಂಡು ಶಿವಗಂಗವ್ವ ತಟ್ಟನೆ ಸೆರಗು ಹೊದ್ದಳು. ನಿಂತಿದ್ದವರು ಡಾಕ್ಟರೇ.

"ನಿಲ್ಲಸಬ್ಯಾಡ್ರಿ, ಆಯಿ. ನನ್ನ ದನಿ ಬ್ಯಾಸರಾದ್ರ ಗುರಪ್ಪಂದು ಹಿಡೀರಿ."

ಗುರಪ್ಪನ ಕೆಮ್ಮೂ ಆಯಿತು, ಹೊರಗೆ ಮರಾಠಿಯಲ್ಲಿ ಬಾಳೆಹಣ್ಣು ಕೂಗುವವನೂ ಆದ. ಪಾತ್ರೆಯ ನೀರು ಅರ್ಧಕ್ಕಿಳಿಯಿತು.

ಹನ್ನೊಂದೂವರೆಗೆ ಕೂಸಿನ ಕೆಳಗೆ ಇಳಕಲ್ಲ ಸೀರೆ ಬೆಚ್ಚಗಾಯಿತು. ಶಿವಗಂಗವ್ವ ಅಲುಗಾಡಲಿಲ್ಲ.

"ಏಳ್ರಿ ಆಯಿ, ಒರಸತೀನಿ," ಅಂದ ಗುರಪ್ಪ.

"ಮುಟ್ಟಿಗಿಟ್ಟೀಯಪ್ಪ. ಮೊದಲ ಡಾಕ್ಟರ್ನ ಕರಿ, ಅವರು ನೋಡ್ಲಿ."